ಅಣ್ಣನ ಪಾಳಿ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮೇಲೂ ನಮ್ಮಣ್ಣ ಆ ರೂಢಿ ಬಿಡಲಿಲ್ಲ. "ಕಬ್ಬಣ ಆದ್ರೇನೋ, ದುಡಿಯೂ ಜೀವ ಅದೂ" ಎನ್ನುತ್ತ ಅದನ್ನು ತೊಳೆದು, ಬಾನೆಟ್ಟಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಇಡೀ ದಿನ ನಿಲ್ಲಿಸಿಬಿಡುತ್ತಿದ್ದ. ಟ್ರ್ಯಾಕ್ಟರ್ ಇಬ್ಬರಿಗೂ ಕೂಡಿದ್ದು. ಒಂದು ವಾರ ಅವನ ಪಾಳಿ, ಒಂದು ವಾರ ನನ್ನ ಪಾಳಿ. ಹೇಗಿದ್ದರೂ ದುಡಿಮೆ ಇಲ್ಲದ ದಿನ ಎಂದು ಪಾಳಿ ಬದಲಾಗುವುದಕ್ಕೂ ಸೋಮವಾರವೇ ಗೊತ್ತಾಗಿತ್ತು.

ಕೂಡಿ ಟ್ರ್ಯಾಕ್ಟರ್ ತರುವಷ್ಟು ಅಣ್ಣತಮ್ಮಂದಿರು ಚೆನ್ನಾಗಿದ್ದೆವು ಎಂದು ಯಾರಾದರೂ ತಿಳಿದರೆ ಅದು ಸುಳ್ಳು. ಹೊಲ ಪಾಲಾದ ವರ್ಷ ಬದುವಿನ ಮೇಲಿನ ಒಂದು ಬೇವಿನ ಗಿಡದ ಸಲುವಾಗಿ ನಾನು ಅವನೊಂದಿಗೆ ಮಾತು ಬಿಟ್ಟಿದ್ದೆ. ಬಿಟ್ಟವನು ನಾನು, ಅವನಲ್ಲ. ಒಂದೂವರೆ ವರ್ಷ ಅವನು ಎದುರು ಬಂದರೆ ನಾನು ದಾರಿ ಬದಲಿಸುತ್ತಿದ್ದೆ. ನನ್ನ ಸಿಟ್ಟು ಹುಟ್ಟಿನಿಂದ ಬಂದದ್ದು, ಮೂಗಿನ ತುದಿಯಲ್ಲೇ ಕುಳಿತಿರುತ್ತದೆ. "ಇಂವಗ ಸಿಟ್ಟ ಬಂದ್ರ ಮನ್ಯಾಗಿನ ಬೆಕ್ಕೂ ಅಟ್ಟ ಏರತೈತಿ" ಎಂದು ನಮ್ಮವ್ವ ಹೇಳುತ್ತಿದ್ದಳು. ಆಗ ನನಗೆ ಅದು ಹೊಗಳಿಕೆಯ ಹಾಗೆ ಕೇಳುತ್ತಿತ್ತು. ಕೊನೆಗೆ ಒಂದು ಮುಂಜಾನೆ ಅಣ್ಣನೇ ನನ್ನ ಅಂಗಳಕ್ಕೆ ಬಂದು, ಏನೂ ಆಗಿಯೇ ಇಲ್ಲ ಎನ್ನುವಂತೆ, "ತಮ್ಮಾ, ಇಬ್ಬರೂ ಕೂಡಿ ಒಂದ ಟ್ರ್ಯಾಕ್ಟರ್ ತರೂಣೇನು?" ಎಂದು ಕೇಳಿದ. ನನಗೂ ಬೇಕಾಗಿತ್ತು, ಹೂಂ ಅಂದೆ. ಹಾಗೆ ಮಾತು ಮತ್ತೆ ಶುರುವಾಯಿತು.

ತರಲು ಸಿಂದಗಿಗೆ ಹೋದೆವು. ದೊಡ್ಡ ಗಾಡಿ, ಹೊಸ ಕಾಯ್ದೆಯ ಪ್ರಕಾರ ಹೊಗೆಕೊಳವೆಯಲ್ಲಿ ಫಿಲ್ಟರ್ ಇದ್ದದ್ದು. ಶೋರೂಮಿನವನು ವಿವರಿಸಿದ: ಎಂಜಿನ್ನಿನ ಮಸಿ ಹೊರಗೆ ಹೋಗದೆ ಈ ಫಿಲ್ಟರಿನಲ್ಲಿ ಕೂಡುತ್ತದೆ. ತುಂಬುತ್ತ ಬಂದಾಗ ಎಂಜಿನ್ ತಾನೇ ಕಾವು ಏರಿಸಿ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಜೋರು ಕೆಲಸ ಇದ್ದರೆ ನಡೆಯುತ್ತಲೇ ಸುಡುತ್ತದೆ. ಸಣ್ಣ ಕೆಲಸವೇ ಜಾಸ್ತಿಯಾದರೆ ಸಾಕಷ್ಟು ಕಾವು ಹುಟ್ಟುವುದಿಲ್ಲ, ಆಗ ಮುಂದೆ ಹಳದಿ ದೀಪ ಹತ್ತುತ್ತದೆ. ಹತ್ತಿದಾಗ ಹುಲ್ಲು, ಜೋಳದ ಕಣಿಕೆ ಇಲ್ಲದ ಬಯಲಲ್ಲಿ ಗಾಡಿ ನಿಲ್ಲಿಸಿ ಒಂದು ಗುಂಡಿ ಒತ್ತಬೇಕು. ಎಂಜಿನ್ ತಾನೇ ಏರಿಕೊಂಡು ಅರ್ಧ ತಾಸು ಗುಡುಗುತ್ತದೆ, ನಡುವೆ ಬಂದ್ ಮಾಡಬಾರದು. ಮೇಲಿಂದ ಮೇಲೆ ತಪ್ಪಿಸಿದರೆ ಕೆಂಪು ದೀಪ ಹತ್ತಿ ಗಾಡಿಯ ಶಕ್ತಿಯೇ ಇಳಿಯುತ್ತದೆ.

ಅಣ್ಣ ಓದಿದ್ದು ಏಳನೆಯ ಇಯತ್ತೆ. ನಾನು ಬಾಗೇವಾಡಿಯಲ್ಲಿ ಡಿಗ್ರಿ ಮುಗಿಸಿದವನು. ಅಣ್ಣ ಎರಡು ಸಲ ಕೇಳಿದ, ಮೂರನೆಯ ಸಲ ತಾನೇ ಹೇಳಿ ಒಪ್ಪಿಸಿದ. ನಾನು ಹೊರಗೆ ನಿಂತು ಟೈರು ಒದ್ದು ನೋಡುತ್ತಿದ್ದೆ.

ನನಗೆ ಟ್ರ್ಯಾಕ್ಟರ್ ಗೊತ್ತಿತ್ತಲ್ಲ! ಊರವರ ಹಳೇ ಗಾಡಿಗಳನ್ನು ಹದಿನಾರನೆಯ ವಯಸ್ಸಿನಿಂದ ಹೊಡೆದವನು ನಾನು. ಆ ಗಾಡಿಗಳ ಬ್ಯಾಟರಿ ಯಾವಾಗಲೂ ಸತ್ತಿರುತ್ತಿತ್ತು. ಒಮ್ಮೆ ಬಂದ್ ಮಾಡಿದರೆ ಮತ್ತೆ ಚಾಲೂ ಮಾಡಲು ನಾಲ್ಕು ಮಂದಿ ದಬ್ಬಬೇಕು. ಹಾಗಾಗಿ ಚಾ ಕುಡಿಯಲಿ, ಕಟ್ಟೆಯ ಮೇಲೆ ಹರಟೆ ಹೊಡೆಯಲಿ, ಊಟಕ್ಕೆ ಕೂಡಲಿ, ಎಂಜಿನ್ ತನ್ನಷ್ಟಕ್ಕೆ ಗುರುಗುಡುತ್ತಿರಬೇಕು. ಕಪ್ಪು ಹೊಗೆ ಉಗುಳಿದಷ್ಟೂ ಗಾಡಿಗೆ ದಮ್ಮು ಇದೆ ಎಂದು ಅರ್ಥ. ಈ ವಿದ್ಯೆಯನ್ನೇ ಹೊಸ ಗಾಡಿಯ ಮೇಲೂ ನಡೆಸಿದೆ. ಹೀಗೆ ಸುಮ್ಮನೆ ನಿಂತು ಗುರುಗುಡುವುದೇ ಈ ಫಿಲ್ಟರಿಗೆ ಎಲ್ಲಕ್ಕಿಂತ ಕೆಟ್ಟದ್ದು, ಮಸಿ ಕೂಡುವುದೇ ಅದರಿಂದ. ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲ ಸಲ ನನ್ನ ಪಾಳಿಯಲ್ಲಿ ಹಳದಿ ದೀಪ ಹತ್ತಿದಾಗ ಗುಂಡಿ ಒತ್ತಿದೆ, ಇಲ್ಲ ಎನ್ನುವುದಿಲ್ಲ. ಎಂಜಿನ್ ಒಮ್ಮೆಲೇ ಏರಿತು. ಕೊಳವೆಯಿಂದ ಮುಖಕ್ಕೆ ಹೊಡೆಯುವಂಥ ಝಳ, ಸುಟ್ಟ ವಾಸನೆ. ಕೆಲಸ ಇಲ್ಲ, ಬೊಗಸೆ ಇಲ್ಲ, ಗಾಡಿ ನಿಂತಲ್ಲೇ ನಿಂತು ಡೀಸೆಲ್ ಕುಡಿಯುತ್ತಿದೆ! ಐದು ನಿಮಿಷಕ್ಕೆ ನನ್ನ ತಾಳ್ಮೆ ಮುಗಿಯಿತು. ಚಾವಿ ತಿರುವಿ ಬಂದ್ ಮಾಡಿದೆ. ಆಮೇಲೆ ಪ್ರತಿ ಸಲವೂ ಅದೇ ಮಾಡಿದೆ. ದೀಪ ಹತ್ತಿದರೆ ಹತ್ತಲಿ, ಸೋಮವಾರ ಬಂದರೆ ಗಾಡಿ ಅಣ್ಣನ ಕೈಗೆ ಹೋಗುತ್ತದೆ, ಸುಡುವುದಿದ್ದರೆ ಅವನ ಪಾಳಿಯಲ್ಲೇ ಸುಡಲಿ. ಅವನೂ ನನ್ನ ಹಾಗೆಯೇ ದಾಟಿಸುತ್ತಿರಬೇಕು ಎಂದುಕೊಂಡಿದ್ದೆ. ತನ್ನಂತೆ ಪರರು ಎನ್ನುವುದು ಒಳ್ಳೆಯ ಮಾತೇ, ನಾನು ಅದನ್ನು ಕೆಟ್ಟದ್ದಕ್ಕೆ ಬಳಸಿದೆ.

ವಿಚಿತ್ರವೆಂದರೆ ಮುಂದಿನ ಸೋಮವಾರ ಗಾಡಿ ನನ್ನ ಕಡೆ ಬಂದಾಗ ದೀಪ ಆರಿರುತ್ತಿತ್ತು. ಗಾಡಿ ಹಗುರಾಗಿ ಓಡುತ್ತಿತ್ತು. ನಾನು ಒಮ್ಮೆಯೂ ಯಾಕೆಂದು ಕೇಳಿಕೊಳ್ಳಲಿಲ್ಲ. ಹೊಟ್ಟೆ ತುಂಬಿದವನು ಅಡಿಗೆ ಯಾರು ಮಾಡಿದರು ಎಂದು ಕೇಳುತ್ತಾನೆಯೇ?

ಈ ಮಳೆಗಾಲ ನನ್ನ ತೊಗರಿಗೆ ಹುಳ ಬಿತ್ತು. ಎಲೆ ಸುತ್ತಿಕೊಂಡು ಒಳಗೆ ಕುಳಿತು ಮೇಯುವ ಹುಳ. ಒಂದು ಸಲ ಹುಳದ ಎಣ್ಣೆ ಹೊಡೆದರೆ ಮಳೆ ಬಂದು ತೊಳೆದುಬಿಡುವುದು, ಮತ್ತೆ ಹೊಡೆಯಬೇಕು. ನನ್ನ ಪಾಳಿ ಮುಗಿದರೂ ಅರ್ಧ ಹೊಲ ಉಳಿದಿತ್ತು. ಅಣ್ಣ ಬದುವಿನ ಮೇಲೆ ನಿಂತು ನೋಡಿದವನು, "ಈ ವಾರನೂ ನೀನ ಇಟ್ಕೋ. ನಂದೇನ ಅವಸರ ಇಲ್ಲ, ನಿನ್ನ ತೊಗರಿ ಉಳೀಲಿ ಮೊದಲ" ಅಂದ. ಹೋಗುವಾಗ ತಿರುಗಿ ನಿಂತು, "ಲೈಟ್ ಹತ್ತಿದ್ರ ಅರ್ಧ ತಾಸ ನಿಂದ್ರಸು ತಮ್ಮಾ, ನಡುವ ಬಂದ್ ಮಾಡಬ್ಯಾಡ" ಅಂದ.

"ಗೊತ್ತೈತಿ ನಡಿ. ಸಾಲಿ ಕಲತಾಂವ ನಾನೋ ನೀನೋ?" ಅಂದೆ.

ಅವನು ನಕ್ಕು ಹೋದ. ಅದು ನಗು ಎಂದೇ ನಾನು ತಿಳಿದಿದ್ದೆ.

ಅವನ ವಾರವೂ ನನ್ನದಾಯಿತು, ಅದರ ಮುಂದಿನ ವಾರ ಹೇಗೂ ನನ್ನದೇ. ಒಟ್ಟು ಮೂರು ವಾರ ಗಾಡಿ ನನ್ನ ಕೈಯಲ್ಲೇ ಉಳಿಯಿತು. ಎಣ್ಣೆ ಹೊಡೆಯುವುದು, ನೀರಿನ ಟ್ಯಾಂಕರ್ ಎಳೆಯುವುದು, ಎಲ್ಲ ಸಣ್ಣ ಕೆಲಸ. ಹಳದಿ ದೀಪ ಹತ್ತಿತು. ಬಂದ್ ಮಾಡಿದೆ. ಮತ್ತೆ ಹತ್ತಿತು. ಮಿಣುಕಲು ಶುರುವಾದಾಗ ಅದರ ಮೇಲೆ ಎಣ್ಣೆ ಒರೆಸುವ ಅರಿವೆಯನ್ನು ಹಾಕಿಬಿಟ್ಟೆ. ಆ ಕೊನೆಯ ಶನಿವಾರ ಕೆಂಪು ದೀಪ ಬಂತು, ಗಾಡಿ ಏರಿನಲ್ಲಿ ದಮ್ಮು ಕಳೆದುಕೊಂಡಿತು. ಡೀಸೆಲ್‌ನಲ್ಲಿ ನೀರು ಸೇರಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಊರಿನ ಮನೆಯ ಮುಂದೆ ತಂದು ನಿಲ್ಲಿಸಿದೆ. ಇನ್ನೊಂದೇ ದಿನ. ಸೋಮವಾರ ಅಣ್ಣ ನೋಡಿಕೊಳ್ಳುತ್ತಾನೆ.

ನಾನಿರುವುದು ಊರಲ್ಲಿ, ಹೂವಿನ ಹಿಪ್ಪರಗಿಯಲ್ಲಿ, ಡಾಂಬರು ರಸ್ತೆಯ ಮಗ್ಗುಲಿಗೆ. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ, ಇರುತ್ತಿದ್ದದ್ದು ಹೊಲದಲ್ಲೇ ಕಟ್ಟಿಕೊಂಡ ವಸ್ತಿಯಲ್ಲಿ, ಊರಿನ ಆಚೆ, ಹಳ್ಳ ದಾಟಿ ಮೂರು ಕಿಲೋಮೀಟರು. ಎಲ್ಲ ಎರೆಭೂಮಿ. ನಾಲ್ಕು ಹನಿ ಬಿದ್ದರೆ ಚಪ್ಪಲಿ ಸೇರಿನಷ್ಟು ಭಾರವಾಗುವ ಮಣ್ಣು. ಮಳೆ ಹಿಡಿದರೆ ಆ ದಾರಿಯಲ್ಲಿ ಮೋಟರ್‌ಸೈಕಲ್ಲೂ ಇಲ್ಲ, ಜೀಪೂ ಇಲ್ಲ, ಟ್ರ್ಯಾಕ್ಟರ್ ಒಂದೇ ಗತಿ. ಅಂಥ ದಿನಗಳಲ್ಲಿ ವಸ್ತಿಯವರ ಜೀವ ಟ್ರ್ಯಾಕ್ಟರ್ ಇದ್ದವರ ಕೈಯಲ್ಲಿ ಇರುತ್ತದೆ.

ರವಿವಾರ ಮುಂಜಾನೆ ಏಳಕ್ಕೆ ವೈನಿ ಫೋನ್ ಮಾಡಿದಳು. "ಎದಿ ಬ್ಯಾನಿ ಅನ್ನಾಕತ್ತಾರ. ಮೈ ತುಂಬ ಬೆವರ ಕಿತ್ತೈತಿ. ಲಗೂ ಗಾಡಿ ತಗೊಂಡ ಬಾ."

ಆಂಬ್ಯುಲೆನ್ಸಿಗೆ ಫೋನ್ ಮಾಡುವಂತೆ ಹೆಂಡತಿಗೆ ಹೇಳಿ ನಾನು ಟ್ರೇಲಿ ಕಟ್ಟಿಕೊಂಡು ಹೊರಟೆ. ಊರು ದಾಟುವತನಕ ಗಾಡಿ ಹೇಗೋ ಬಂತು. ಕೆಸರಿಗೆ ಇಳಿಯುತ್ತಲೇ ಸತ್ತಂತಾಯಿತು. ಎಕ್ಸಲೇಟರ್ ಎಷ್ಟು ತುಳಿದರೂ ಏನೂ ಇಲ್ಲ. ಎಂಜಿನ್ ಒಂದು ದನಿಗಿಂತ ಮೇಲೆ ಏರುವುದೇ ಇಲ್ಲ. ನಡೆಯುವ ಮನುಷ್ಯ ನನ್ನನ್ನು ದಾಟಿ ಹೋಗಬಹುದಿತ್ತು. ಕೆಂಪು ದೀಪ ನನ್ನ ಮುಖಕ್ಕೇ ಉರಿಯುತ್ತಿತ್ತು. ಆಗ ಗುಂಡಿ ಒತ್ತಿದೆ. ಹತ್ತು ಸಲ ಒತ್ತಿದೆ. ಅಷ್ಟು ತುಂಬಿದ ಮೇಲೆ ಅದು ಗುಂಡಿಯ ಮಾತು ಕೇಳುವುದಿಲ್ಲವಂತೆ.

ಅರ್ಧ ತಾಸಿನ ದಾರಿಗೆ ಒಂದೂವರೆ ತಾಸು ಹಿಡಿಯಿತು. ಅಣ್ಣನನ್ನು ಟ್ರೇಲಿಯಲ್ಲಿ ಕೌದಿಯ ಮೇಲೆ ಮಲಗಿಸಿದೆವು, ತಲೆ ವೈನಿಯ ತೊಡೆಯ ಮೇಲೆ. ಮೇಲೊಂದು ತಾಡಪತ್ರಿ ಹೊದಿಸಿದೆವು. ತಿರುಗಿ ಹೊರಟೆವು. ಹಳ್ಳದ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಗಾಲಿ ತಿರುಗಲೂ ಇಲ್ಲ, ಸುಮ್ಮನೆ ನಡುಗಿತು. ನಾನು ಕೆಳಗೆ ಧುಮುಕಿ ಅದಕ್ಕೆ ಒದ್ದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಮಾಡಿದ ಕಂಪನಿಯನ್ನು, ಮಾರಿದವನನ್ನು, ಅವರ ಏಳು ತಲೆಮಾರನ್ನು. ಮಳೆಯಲ್ಲಿ ನಿಂತು ನಾನು ಕಬ್ಬಿಣದ ಜೊತೆ ಜಗಳ ಆಡುತ್ತಿದ್ದೆ.

ತಾಡಪತ್ರಿಯ ಕೆಳಗಿನಿಂದ ಅಣ್ಣನ ದನಿ ಬಂತು. "ಬೈಬ್ಯಾಡ ತಮ್ಮಾ. ಅದರದೇನ ತಪ್ಪಿಲ್ಲ."

ಅವನು ಎತ್ತುಗಳನ್ನೂ ಬೈದವನಲ್ಲ. ಅದೇ ಸ್ವಭಾವದಿಂದ ಬಂದ ಮಾತು ಎಂದುಕೊಂಡೆ.

ಮಗ್ಗುಲಿನ ವಸ್ತಿಯವರು ಬಂದರು. ಒಂದು ಹೊರಸು ತಂದು, ಅದರ ಮೇಲೆ ಅಣ್ಣನನ್ನು ಮಲಗಿಸಿ, ನಾಲ್ವರು ಹೆಗಲು ಕೊಟ್ಟು ಕೆಸರಿನಲ್ಲಿ ನಡೆದೆವು. ಹೊರಸಿನ ಮುಂದಿನ ಎಡಗಾಲು ನನ್ನ ಹೆಗಲ ಮೇಲೆ ಇತ್ತು. ಜೀವ ಇರುವವನನ್ನು ಹಾಗೆ ಹೊತ್ತು ನಡೆಯುವುದಿದೆಯಲ್ಲ, ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಆಂಬ್ಯುಲೆನ್ಸ್ ಊರ ಮುಂದೆ ಬಂದು ಎಷ್ಟೋ ಹೊತ್ತಿನಿಂದ ಕಾಯುತ್ತ ನಿಂತಿತ್ತು. ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರು ಮಣಿಕಟ್ಟು ಹಿಡಿದು, ಕಣ್ಣು ಬಿಡಿಸಿ ನೋಡಿ, "ಬ್ಯಾನಿ ಯಾವಾಗ ಚಾಲೂ ಆಗಿತ್ರಿ?" ಎಂದು ಕೇಳಿದರು. ಏಳಕ್ಕೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದು ದಾಟಿತ್ತು. ಆಮೇಲೆ ಚಾದರ ಎಳೆದು ಅಣ್ಣನ ಮುಖ ಮುಚ್ಚಿದರು.

ದಿನಕರ್ಮ ಮುಗಿಯುವತನಕ ನಾನು ಅಳಲಿಲ್ಲ, ಬೈದೆ. ಬಂದವರ ಮುಂದೆಲ್ಲ ಅದೇ ಮಾತು: ಗಾಡಿ ಖೊಟ್ಟಿ, ಖೊಟ್ಟಿ ಗಾಡಿ ಮಾರಿ ನಮ್ಮಣ್ಣನನ್ನು ಕೊಂದರು, ಬಿಡುವುದಿಲ್ಲ. ಮುದ್ದೇಬಿಹಾಳದಿಂದ ಬಂದ ಬೀಗರು ಹೌದೆಂದು ತಲೆ ಆಡಿಸಿದರು. ವೈನಿ ಗೋಡೆಗೆ ಆತು ಕುಳಿತು ಕೇಳುತ್ತಿದ್ದಳು. ಒಂದು ಸಲ ನನ್ನನ್ನು ನೋಡಿ ಏನೋ ಹೇಳಲು ಹೋದವಳು ಸೆರಗು ಬಾಯಿಗೆ ಒತ್ತಿಕೊಂಡಳು. ದುಃಖ ಎಂದುಕೊಂಡೆ.

ಪುರಾವೆ ಬೇಕಲ್ಲ ಎಂದು ಸಿಂದಗಿಯಿಂದ ಮೆಕ್ಯಾನಿಕ್‌ನನ್ನು ಕರೆಸಿದೆ. ತಲೆ ನೆರೆತ ಮನುಷ್ಯ, ಮಾತು ಕಡಿಮೆ. ಗಾಡಿಗೆ ವಾಯರ್ ಚುಚ್ಚಿ ಲ್ಯಾಪ್‌ಟಾಪ್ ತೆರೆದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡದೆಯೇ, "ಗಾಡಿ ಛಲೋ ಐತ್ರಿ. ಫಿಲ್ಟರ್ ಕಟ್ಟೇತಿ. ಸುಡಾಕ ಬಿಟ್ಟಿಲ್ರಿ ನೀವು" ಅಂದ.

"ಸುಳ್ಳ ಹೇಳಬ್ಯಾಡ" ಎಂದು ನಾನು ಎದ್ದು ನಿಂತೆ.

"ನಾ ಯಾಕ ಹೇಳ್ಲಿರಿ? ಗಾಡೀನ ಬರದ ಇಟ್ಕೊಂಡೈತಿ, ತಾರೀಕ ಸಮೇತ. ನೋಡ್ರಿಲ್ಲೆ." ಬೆರಳು ಇಟ್ಟು ತೋರಿಸಿದ. ಯಾವ ದಿನ ಸುಡುವುದು ಪೂರಾ ಆಯಿತು, ಯಾವ ದಿನ ನಡುವೆ ನಿಲ್ಲಿಸಲಾಯಿತು, ಒಂದರ ಕೆಳಗೆ ಒಂದು. ನಾನು ಒಂದೊಂದೇ ತಾರೀಕು ಹಿಡಿದು ಆ ವಾರ ಯಾರ ಪಾಳಿ ಎಂದು ನೆನೆಸಿಕೊಳ್ಳತೊಡಗಿದೆ. ಮಣ್ಣೆತ್ತಿನ ಅಮವಾಸ್ಯೆಯ ವಾರ ನನ್ನದು: ನಿಲ್ಲಿಸಿದ್ದು, ನಿಲ್ಲಿಸಿದ್ದು. ಅದರ ಮುಂದಿನ ಸೋಮವಾರ: ಪೂರಾ. ಪಂಚಮಿಯ ಹಿಂದಿನ ವಾರ ನನ್ನದು: ನಿಲ್ಲಿಸಿದ್ದು. ಪಂಚಮಿಯ ವಾರ ಅಣ್ಣನದು, ಅದರ ಸೋಮವಾರ: ಪೂರಾ. ಹಿಂದೆ ಹಿಂದೆ ಹೋದಂತೆ ಎಲ್ಲವೂ ಹಾಗೆಯೇ. ಗಾಡಿ ನನ್ನಿಂದ ಅವನ ಕೈಗೆ ಹೋದ ಪ್ರತಿ ಸೋಮವಾರ ಅವನು ಅರ್ಧ ತಾಸು ನಿಲ್ಲಿಸಿ ಸುಟ್ಟಿದ್ದ. ನಾನು ಕೂಡಿಸಿದ ಮಸಿಯನ್ನೆಲ್ಲ ಅವನೊಬ್ಬನೇ ಸುಟ್ಟಿದ್ದ. ಅವನ ವಾರದಲ್ಲಿ ನಡುವೆ ನಿಲ್ಲಿಸಿದ್ದು ಎಂಬುದು ಒಂದೂ ಇರಲಿಲ್ಲ.

ಕೊನೆಯ ಮೂರು ವಾರದಲ್ಲಿ 'ಪೂರಾ' ಎಂಬುದು ಒಂದೂ ಇರಲಿಲ್ಲ. ನನ್ನ ತೊಗರಿ ಉಳಿಯಲಿ ಎಂದು ಅವನು ತನ್ನ ಪಾಳಿ ಬಿಟ್ಟುಕೊಟ್ಟಿದ್ದ. ಅದರ ಜೊತೆ ಅವನ ಸೋಮವಾರವೂ ಹೋಗಿತ್ತು.

ಮೆಕ್ಯಾನಿಕ್ ವಾಯರ್ ಸುತ್ತಿಕೊಳ್ಳುತ್ತ, "ಈ ಸೋಮವಾರ ಸೋಮವಾರ ಸುಡಾಂವ ಯಾರ್ರೀ? ಭಾಳ ಶಿಸ್ತಿನ ಮನಶಾ" ಅಂದ. ನಾನು ಅಲ್ಲೇ ಗಾಡಿಯ ಗಾಲಿಗೆ ಒರಗಿ ಕುಳಿತೆ. ಅಣ್ಣ ಹೋಗಿ ಹದಿನೇಳು ದಿನದ ಮೇಲೆ, ಒಬ್ಬ ಪರಿಚಯ ಇಲ್ಲದ ಮನುಷ್ಯನ ಎದುರಿಗೆ ಅತ್ತೆ. ಪಾಪ, ಅವನಿಗೆ ಏನು ಮಾಡಬೇಕೋ ತಿಳಿಯದೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

ಮರುದಿನ ವಸ್ತಿಗೆ ನಡೆದುಕೊಂಡೇ ಹೋದೆ. ದಾರಿ ಒಣಗಿತ್ತು. ವೈನಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನಾನು ಕುಳಿತುಕೊಳ್ಳಲಿಲ್ಲ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

"ವೈನಿ, ಗಾಡಿ ಖೊಟ್ಟಿ ಅಲ್ಲ. ನಾ ಸುಡಾಕ ಬಿಡಲಿಲ್ಲ. ನನ್ನಿಂದ ಆತು."

ಅವಳು ಮೊರ ಕೆಳಗಿಟ್ಟಳು. "ಗೊತ್ತೈತಿ" ಅಂದಳು.

"ಯಾವಾಗಿಂದ?"

"ಅವತ್ತ ಟ್ರೇಲ್ಯಾಗ ಕುಂತಾಗಿಂದ. ಅವರಿಗೂ ಗೊತ್ತಾಗಿತ್ತು."

ಹಾಗಾದರೆ ಮೊದಲೇ ಯಾಕೆ ಒಂದು ಮಾತು ಹೇಳಲಿಲ್ಲ, ಎರಡು ವರ್ಷ ತನ್ನ ಪಾಳಿ ಬಂದ ಪ್ರತಿ ಸೋಮವಾರ ನನ್ನ ಮಸಿ ಸುಡುತ್ತ ಯಾಕೆ ಸುಮ್ಮನಿದ್ದ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಏರಿತ್ತು, ಆಗಲೂ. ವೈನಿ ನನ್ನ ಮುಖ ನೋಡಲಿಲ್ಲ, ಮೊರದಲ್ಲಿನ ಜೋಳ ನೋಡುತ್ತ ಹೇಳಿದಳು.

"ನಾನ ಎಷ್ಟೋ ಸಲ ಅಂದೆ, ತಮ್ಮಗ ಕುಂದರಿಸಿ ಹೇಳ್ರಿ, ಬೈರಿ ಒಂದೀಟು ಅಂತ. ಬ್ಯಾಡ ಅಂತಿದ್ರು. ಬೈದ್ರ ಮತ್ತ ಮಾತ ಬಿಡ್ತಾನ, ಆ ಒಂದೂವರಿ ವರ್ಷ ಹೆಂಗ ಕಳದೇನಿ ನನಗ ಗೊತ್ತು ಅಂತಿದ್ರು. ಅರ್ಧ ತಾಸ ಡೀಸೆಲ್ ಸುಟ್ರ ಸುಡ್ಲಿ ಬಿಡು, ಅಂವ ನನ್ನ ಕೂಡ ಮಾತಾಡ್ತಾನಲ್ಲ, ಅಷ್ಟ ಸಾಕು ಅಂತಿದ್ರು."

ವೈನಿ ಎದ್ದು ಒಳಗೆ ಹೋಗಿ ನನಗೆ ಒಂದು ತಂಬಿಗೆ ನೀರು ತಂದಳು. ಅಣ್ಣ ಆ ಬಾಗಿಲಿನಿಂದ ಹೊರಗೆ ಬಂದು ನನ್ನನ್ನು ಬೈಯಬೇಕು, ಕೆನ್ನೆಗೆ ಬಾರಿಸಬೇಕು, ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅದೊಂದೇ. ಹುಟ್ಟಿದಾಗಿನಿಂದ ಅವನು ನನ್ನನ್ನು ಒಂದು ಸಲವೂ ಬೈದವನಲ್ಲ. ಬೈಯಲು ನಾನು ಬಿಟ್ಟಿದ್ದರೆ ಇವತ್ತು ಇರುತ್ತಿದ್ದ.